ನಿರುಪಯುಕ್ತ ಗುಂಡಿಗಳು: ಹತ್ತೊಂಬತ್ತು

ನಮ್ಮ ಊರಿನ ಮೇಲೆ ಸರಕಾರದವರು ಒಂದು ಹಾಳೆ ಬರೆಸಿದರು. ಒಂದೇ ಹಾಳೆ, ಅದೂ ಒಂದೇ ಮಗ್ಗುಲು. "ಬುವರಕೈ. ದ್ವೀಪದ ದಕ್ಷಿಣ ತುದಿಯ ಸಣ್ಣ ಗ್ರಾಮ. ಮನೆಗಳು ನಲವತ್ತೊಂದು, ಜನಸಂಖ್ಯೆ ಇನ್ನೂರ ಹದಿನಾಲ್ಕು. ಇಗರ್ಜಿ ಒಂದು, ಚಾವಡಿ ಒಂದು, ಅಂಗಡಿ ಒಂದು, ಬಾವಿ ಆರು. ನೀರು ನಿಂತ ನಿರುಪಯುಕ್ತ ಗುಂಡಿಗಳು ಹತ್ತೊಂಬತ್ತು. ಜನರು ಸರಳರು, ಅತಿಥಿಗಳನ್ನು ನಗುಮುಖದಿಂದ ಸ್ವಾಗತಿಸುವರು." ಅಲ್ಲಿಗೆ ಮುಗಿಯಿತು ನಮ್ಮ ಊರು.

ಸರಳರಂತೆ. ನಾನು ಇಟಾಕ, ಇಪ್ಪತ್ತೆರಡು ವರ್ಷ ಪರದೇಶದ ಸರಕು ಹಡಗುಗಳಲ್ಲಿ ಎಂಜಿನ್ನಿಗೆ ಎಣ್ಣೆ ಬಿಟ್ಟು ಬಂದವನು. ಹತ್ತಾರು ಬಂದರುಗಳ ಜನರನ್ನು ಕಂಡಿದ್ದೇನೆ. ನಮ್ಮ ಊರಿನವರಷ್ಟು ಗಂಟುಗಂಟಾದ ಜನರನ್ನು ಎಲ್ಲಿಯೂ ಕಂಡಿಲ್ಲ. ಆದರೆ ನನ್ನ ಮೈ ಉರಿದದ್ದು ಸರಳ ಎಂದದ್ದಕ್ಕಲ್ಲ. ಆ ಹತ್ತೊಂಬತ್ತು ನಿರುಪಯುಕ್ತ ಗುಂಡಿಗಳಲ್ಲಿ ಒಂದು ಮಿಮಿಟಾಕೆ ಅಕ್ಕನದು. ಬರೆದವನು ಆ ಗುಂಡಿಯ ಅಂಚಿನಲ್ಲಿ ನಿಂತು, ಒಳಗೆ ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಎಲೆ ತುಳಿಯುತ್ತಿದ್ದ ಆ ಹೆಂಗಸಿನ ನೆತ್ತಿಯನ್ನು ನೋಡಿಯೇ ಈ ಮಾತು ಬರೆದುಕೊಂಡಿದ್ದ. ಅದಕ್ಕೆ ಅವಳ ಕಥೆಯನ್ನು ನಾನು ಹೇಳಬೇಕಾಗಿದೆ. ಸರಕಾರಕ್ಕಂತೂ ಅದಕ್ಕೆ ಜಾಗ ಸಾಲಲಿಲ್ಲ.

ನಮ್ಮ ನೆಲ ಹವಳದ ಪುಡಿ. ಮಣ್ಣು ಎನ್ನುವಂಥದ್ದನ್ನು ನಾವು ಕೈಯಾರೆ ಮಾಡಿಕೊಳ್ಳಬೇಕು. ಎರಡಾಳು ಆಳ ತೋಡಿದರೆ ಮಳೆಯ ಸಿಹಿನೀರು ಸಿಗುತ್ತದೆ, ಅಲ್ಲಿಂದ ಇನ್ನೂ ಸ್ವಲ್ಪ ದುರಾಸೆ ಮಾಡಿದರೆ ಉಪ್ಪುನೀರು. ಆ ಸಿಹಿನೀರಿನ ಮಟ್ಟದಲ್ಲಿ ತಳವಿಲ್ಲದ ಬುಟ್ಟಿ ಹೆಣೆದು ಕೂರಿಸಿ, ಅದರೊಳಗೆ ಎಲೆ ಕೊಚ್ಚಿ ತುಂಬಿ, ಎಲೆ ಕೊಳೆತು ಕಪ್ಪಾದ ಮೇಲೆ ಬಬಾಯಿ ನೆಡುತ್ತೇವೆ. ಕೆಸುವಿನ ಜಾತಿಯ ಗೆಡ್ಡೆ, ಎಲೆ ಆಳೆತ್ತರ. ಮನೆಯ ಊಟದ್ದು ಎರಡು ಮೂರು ವರ್ಷಕ್ಕೆ ಬರುತ್ತದೆ. ಹಬ್ಬದ್ದಕ್ಕೆ ಹತ್ತು, ಹನ್ನೆರಡು ವರ್ಷ ಬೇಕು. ಅಷ್ಟೂ ವರ್ಷ ತಿಂಗಳು ತಪ್ಪದೆ ಎಲೆ ಹಾಕುತ್ತಿರಬೇಕು. ಯಾವ ಯಾವ ಎಲೆ, ಯಾವುದು ಎಷ್ಟು, ಯಾವುದರ ಮೇಲೆ ಯಾವುದು, ಅದು ಒಂದೊಂದು ಮನೆತನದ ಗುಟ್ಟು. ಹೆಂಡತಿಯ ಹೆಸರು ಕೇಳಿದರೆ ಹೇಳುತ್ತಾರೆ, ಎಲೆಯ ಹೆಸರು ಕೇಳಿದರೆ ಎದ್ದು ಹೋಗುತ್ತಾರೆ.

ಮಿಮಿಟಾಕೆ ಆಚೆ ದಿಬ್ಬದ ಊರಿಂದ ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಬಂದವಳು. ಗಂಡ ಟೆಬೌಬೌ ಕಡಲಹದ್ದಿನ ಠಾವಿನವನು. ನಮ್ಮ ಚಾವಡಿಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಂಬದ ಕೆಳಗೆ ಕೂರುವ ಠಾವಿದೆ, ಆ ಠಾವಿಗೆ ಒಂದು ಹೆಸರಿದೆ. ಯಾರು ಎಲ್ಲಿ ಕೂರುತ್ತಾರೋ ಅವರು ಅಲ್ಲಿಯವರು. ಅತ್ತೆ ಅವಳಿಗೆ ಎಲೆಯ ಗುಟ್ಟು ಹೇಳಿಕೊಟ್ಟದ್ದು ಆರು ವರ್ಷದ ಮೇಲೆ, ಅದೂ ಅರ್ಧ. ಇನ್ನರ್ಧವನ್ನು ಸಾಯುವ ಹಾಸಿಗೆಯಲ್ಲಿ ಕಿವಿಗೆ ಬಾಯಿಟ್ಟು ಹೇಳಿದಳಂತೆ. ಇದನ್ನು ಮಿಮಿಟಾಕೆಯೇ ನಗುತ್ತಾ ಹೇಳುತ್ತಿದ್ದಳು. "ಮುದುಕಿಗೆ ಪ್ರಾಣ ಬಿಡೋದು ಸುಲಭ ಆಯ್ತು ಕಣೋ, ಗುಟ್ಟು ಬಿಡೋದೇ ಕಷ್ಟ ಆಯ್ತು."

ಇಪ್ಪತ್ತಾರು ವರ್ಷದ ಹಿಂದೆ ಟೆಬೌಬೌ ಆಳಕಡಲಿನ ಕೇದರ ಮೀನಿಗೆಂದು ದೋಣಿ ನೂಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಇದೇ ಊರಿಗೆ ಮದುವೆಯಾದರು, ಗಂಡಂದಿರ ಠಾವುಗಳಲ್ಲಿ ಕೂತರು. ಕಡಲಹದ್ದಿನ ಕಂಬದ ಕೆಳಗೆ ಚಾಪೆ ಮಾತ್ರ ಉಳಿಯಿತು. ಗಂಡಿಲ್ಲದ ಠಾವನ್ನು ಪಕ್ಕದ ಠಾವಿಗೆ ಸೇರಿಸಿಬಿಡುವುದು ನಮ್ಮ ಪದ್ಧತಿ. ಆದರೆ ಅದಕ್ಕೊಂದು ಷರತ್ತಿದೆ. ದೊಡ್ಡ ಹಬ್ಬಕ್ಕೆ ಆ ಠಾವಿನ ಸ್ವಂತ ಗುಂಡಿಯಿಂದ ಬಬಾಯಿ ಬರುತ್ತಿರುವವರೆಗೆ ಅದರ ಹೆಸರು ಕೂಗಬೇಕು. ಒಂದು ಸಲ ಬರದಿದ್ದರೆ, ಹೆಸರು ಹೋಯಿತು. ಇಪ್ಪತ್ತಾರು ವರ್ಷವೂ ಬಂತು. ಹೆಸರು ಕೂಗಿದಾಗ ಹಿಂದಿನ ಸೂರಿನ ಅಂಚಿನಿಂದ ಮಿಮಿಟಾಕೆ "ಇದ್ದೇವೆ" ಎನ್ನುತ್ತಿದ್ದಳು. ಒಬ್ಬಳೇ ಇದ್ದರೂ ಇದ್ದೇವೆ ಎಂದೇ ಹೇಳುತ್ತಿದ್ದಳು.

ಇನ್ನು ಬುಬುತಿಯ ವಿಷಯ. ನಂಟನೊಬ್ಬ ಎದುರು ಕೂತು "ಬುಬುತಿ" ಎಂದು ಹೇಳಿ ಏನನ್ನಾದರೂ ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದವನು ಊರಿನಲ್ಲಿ ಮುಖ ಎತ್ತಿ ನಡೆಯುವ ಹಾಗಿಲ್ಲ. ಹಸಿದವನಿಗೆ, ಸೂರು ಹಾರಿಹೋದವನಿಗೆ ಕೈಗೊಂದು ಊರುಗೋಲಾಗಲಿ ಎಂದು ಹಿರಿಯರು ಮಾಡಿದ್ದು. ಕೇಳುವವನಿಗೂ ಒಂದಿಷ್ಟು ನಾಚಿಕೆ ಇರುತ್ತದೆ ಎಂದು ಅವರು ನಂಬಿದ್ದರು. ಪಾಪ, ಒಳ್ಳೆಯ ಜನ. ಗಂಡಸಿಲ್ಲದ ಮನೆ ಎಂದು ಗೊತ್ತಾದ ಮೇಲೆ ಮಿಮಿಟಾಕೆಯ ಮನೆಗೆ ಬುಬುತಿ ಹೇಳಿಕೊಂಡು ಬಂದವರಿಗೆ ಲೆಕ್ಕವಿಲ್ಲ. ಗಂಡನ ಎರಡನೆಯ ದೋಣಿ ಹೋಯಿತು. ಹೊಲಿಗೆ ಯಂತ್ರ ಹೋಯಿತು. ಮೊಟ್ಟೆಯಿಡುವ ಕೋಳಿಗಳು ಹೋದವು. ಒಂದು ಸೈಕಲ್ ಇತ್ತು, ಅದೂ ಹೋಯಿತು. ಆ ಸೈಕಲ್ ಕೇಳಿದವನು ನಾನೇ. ಆಗ ನನಗೆ ಬೇಕಾಗಿತ್ತು. ಈಗ ಸುಳ್ಳು ಯಾಕೆ ಹೇಳಲಿ.

ಅವಳು ಒಂದು ಸಲವೂ ಇಲ್ಲ ಎನ್ನಲಿಲ್ಲ. ಕೊಟ್ಟು ಕೊಟ್ಟು ಉಳಿದದ್ದು ಆ ಗುಂಡಿ. ಗುಂಡಿಯನ್ನು ಯಾರೂ ಕೇಳುವುದಿಲ್ಲ. ಕೇಳಬಾರದೆಂದು ಕಾಯಿದೆಯೇನೂ ಇಲ್ಲ, ಆದರೆ ಮನುಷ್ಯರಾದವರು ಕೇಳುವುದಿಲ್ಲ.

ಕೇಳಿದವನು ಟೆಕಿನೆನೆ. ಇದೇ ಊರಿನ ರುಆಟುವಿನ ಮಗ, ರಾಜಧಾನಿಯ ಯಾವುದೋ ಇಲಾಖೆಯಲ್ಲಿ ಕೆಲಸ. ಮೇಲೆ ಹೇಳಿದ ಹಾಳೆಯ ಕರ್ತೃ ಇವನೇ. ಹನ್ನೆರಡನೆಯ ವಯಸ್ಸಿಗೆ ಓದಲು ಹೋದವನು ಮೂವತ್ತು ದಾಟಿದ ಮೇಲೆ ಕಪ್ಪು ಪ್ಯಾಂಟು, ಬಗಲಲ್ಲಿ ಫೈಲು ಇಟ್ಟುಕೊಂಡು ಹಡಗಿನಿಂದ ಇಳಿದ, ಊರು ಸುತ್ತಿ ಆ ಹಾಳೆ ಬರೆದ. ಹವಳದ ದಂಡೆಯೊಳಗಿನ ಶಾಂತ ಒಳಗಡಲಿನಲ್ಲಿ ಗಾಳ ಹಾಕಲು ಬರುವ ಪರದೇಶದವರಿಗೆ ಎರಡು ಕೋಣೆಯ ಅತಿಥಿಗೃಹ ಕಟ್ಟಬೇಕಂತೆ. ದೀವಿಹಲಸಿನ ನೆರಳು, ಹತ್ತಿರ ಸಿಹಿನೀರು, ಮುಂದೆ ಒಳಗಡಲು, ಇಷ್ಟೂ ಇರುವ ಜಾಗ ಮಿಮಿಟಾಕೆಯ ಗುಂಡಿಯ ಜಾಗ. ಗುಂಡಿಗೆ ಹವಳದ ಕಲ್ಲು ತುಂಬಿ ಮಟ್ಟ ಮಾಡಿದರೆ ಆಯಿತು. ಸೊಳ್ಳೆ ಕಾಟವೂ ತಪ್ಪುತ್ತದೆ ಎಂದು ಫೈಲಿನಲ್ಲಿ ಬರೆದಿತ್ತು.

ಮೊದಲು ಸಹಿ ಕೇಳಿಕೊಂಡು ಅವಳ ಮನೆಗೆ ಹೋದ. ಅವಳು ಕನ್ನಡಕ ಇಲ್ಲ ಎಂದಳು. ಮರುದಿನ ಕನ್ನಡಕ ತಂದುಕೊಟ್ಟ. ಈ ಕನ್ನಡಕದಲ್ಲಿ ಅಕ್ಷರ ಕುಣಿಯುತ್ತವೆ ಎಂದಳು. ಹುಡುಗ ದಡ್ಡನಲ್ಲ, ಸಹಿ ಸಿಗುವುದಿಲ್ಲ ಎಂದು ತಿಳಿದುಕೊಂಡ. ಆಮೇಲೆ ಅವನಿಗೆ ತಾನು ಈ ಊರಿನವನು ಎನ್ನುವುದು ನೆನಪಾಯಿತು. ಅಲ್ಲಿಯವರೆಗೆ ನೆನಪಿರಲಿಲ್ಲ.

ಭಾನುವಾರದ ಪೂಜೆ ಮುಗಿದ ಮೇಲೆ ಚಾವಡಿಯಲ್ಲಿ ಊರು ಕೂಡಿತ್ತು. ಟೆಕಿನೆನೆ ಬಂದವನು ಅಪ್ಪನ ಠಾವಿಗೆ ಹೋಗಲಿಲ್ಲ. ನೇರವಾಗಿ ಉತ್ತರದ ಮೂರನೆಯ ಕಂಬದ ಕೆಳಗೆ, ಕಡಲಹದ್ದಿನ ಠಾವಿನ ಚಾಪೆಯ ಮೇಲೆ ಕೂತ. ಅವನ ತಾಯಿ ಟೆಬೌಬೌನ ಚಿಕ್ಕಪ್ಪನ ಮಗಳು, ಆ ಸಂಬಂಧ ಹಿಡಿದು. ಎಲ್ಲರಿಗೂ ಹಿರಿಯನಾದ ಕಮೋರಿಕಿ ಕಣ್ಣು ಮುಚ್ಚಿಕೊಂಡ. ಅವನಿಗೆ ಎಂಬತ್ತು ದಾಟಿದೆ, ಮಲಗಿದ್ದಾನೆ ಎಂದು ತಿಳಿದುಕೊಂಡರೆ ತಪ್ಪು ನಮ್ಮದು.

"ಅತ್ತೆ," ಎಂದ ಟೆಕಿನೆನೆ, ಹಿಂದಿನ ಅಂಚಿನಲ್ಲಿ ಕೂತಿದ್ದ ಮಿಮಿಟಾಕೆಯ ಕಡೆ ತಿರುಗಿ. "ನಾನು ನಿಮ್ಮನೆಯವನೇ. ನಮ್ಮಮ್ಮ ಹುಟ್ಟಿದ್ದು ಈ ಠಾವಿನಲ್ಲೇ. ಇಲ್ಲೇ ಕೂತು, ಆ ಹಕ್ಕಿನಿಂದ ಕೇಳ್ತಿದ್ದೀನಿ. ಆ ಗುಂಡಿ ನನಗೆ ಕೊಡಿ. ಬುಬುತಿ."

ಅವಳು ಹೆಣೆಯುತ್ತಿದ್ದ ಕೇದಗೆಯ ಓಲೆಯನ್ನು ಮಡಿಲಲ್ಲಿ ಇಟ್ಟಳು. ಅವನು ಕೂತಿದ್ದ ಚಾಪೆಯನ್ನು ನೋಡಿದಳು, ಕಂಬವನ್ನು ನೋಡಿದಳು.

"ತಗೋ ಅಳಿಯ," ಎಂದಳು. "ನಿಂದೇ."

ನಾನು ಎದ್ದು ನಿಂತುಬಿಟ್ಟೆ. "ಇದು ಯಾವ ಊರಿನ ನ್ಯಾಯ? ಬುಬುತಿ ಕೇಳೋದು ಹಸಿದವನು. ಇವನಿಗೇನು ಹಸಿವು? ಕೇಳ್ತಿರೋದು ಇವನಲ್ಲ, ಇವನ ಕಚೇರಿ. ಕಚೇರಿ ಯಾವತ್ತಿಂದ ನಮಗೆ ನಂಟ ಆಯ್ತು?"

ಕಮೋರಿಕಿ ಕಣ್ಣು ತೆರೆಯದೆ ಹೇಳಿದ, "ಇಟಾಕ, ನೀನು ಕೂತಿರೋ ಠಾವಿನ ವಿಷಯ ನೀನು ಮಾತಾಡು. ಆ ಠಾವಿನ ವಿಷಯ ಆ ಠಾವಿನವರು ನೋಡ್ಕೊಳ್ತಾರೆ."

"ಆ ಠಾವಿನಲ್ಲಿ ಯಾರಿದ್ದಾರೆ?"

"ಈಗ ಒಬ್ಬ ಕೂತಿದ್ದಾನಲ್ಲ," ಎಂದ ಮುದುಕ.

ನನಗೆ ಆ ಮಾತು ಹತ್ತಲಿಲ್ಲ. ಕೋಪ ಬಂದಾಗ ನನಗೆ ಕಿವಿ ಕೇಳುವುದಿಲ್ಲ, ಹಡಗಿನಲ್ಲೂ ಇದೇ ದೂರಿತ್ತು. ಸಂಜೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಕೂತು ಎಂದಿನ ಹಾಗೆ ಎಲೆ ಕೊಚ್ಚುತ್ತಿದ್ದಳು. ನಾನು ಹತ್ತಿರ ಬಂದದ್ದನ್ನು ಕಂಡು, ಯಾವ ಎಲೆಯೆಂದು ಕಾಣದ ಹಾಗೆ ರಾಶಿಯ ಮೇಲೆ ಚಾಪೆ ಎಳೆದಳು. ಅಂಥ ಹೊತ್ತಿನಲ್ಲೂ.

"ಕೊಟ್ಟುಬಿಟ್ಯಲ್ಲ ಅಕ್ಕ," ಎಂದೆ.

"ಕೊಟ್ಟೆ."

"ಹಬ್ಬಕ್ಕೆ ಇನ್ನು ನಲವತ್ತು ದಿನ ಇಲ್ಲ. ಚಾವಡಿ ಹೊಸದಾಗಿ ಹೊದಿಸಿ ಮಾಡೋ ಹಬ್ಬ. ಹನ್ನೊಂದು ವರ್ಷ ಸಾಕಿದ ಬಬಾಯಿ ಅಲ್ಲಿದೆ. ಸಿಮೆಂಟಿನ ಹಡಗು ಅದಕ್ಕಿಂತ ಮುಂಚೆ ಬರುತ್ತೆ. ಬಂದ ತಕ್ಷಣ ಕಲ್ಲು ತುಂಬಿಸ್ತಾನೆ. ನಿನ್ನ ಠಾವಿನ ಹೆಸರು ಕೂಗಲ್ಲ, ಗೊತ್ತಾ?"

"ಗೊತ್ತು."

"ಮತ್ತೆ ಎಲೆ ಯಾಕೆ ಕೊಚ್ತಿದ್ದೀಯ?"

"ಗುಂಡಿ ಕೊಟ್ಟೆ ಅಂತ ಬಬಾಯಿಗೆ ಗೊತ್ತಾ? ಅದಕ್ಕೆ ಹಸಿವಾಗಲ್ವಾ?" ಸ್ವಲ್ಪ ಹೊತ್ತು ಕೊಚ್ಚಿದಳು. ಆಮೇಲೆ ಕತ್ತಿ ಕೆಳಗಿಟ್ಟು ಕೇಳಿದಳು, "ಅವನು ಎಲ್ಲಿ ಕೂತ್ಕೊಂಡ, ನೋಡಿದ್ಯಾ?"

"ನೋಡಿದೆ. ಏನು ಭಂಡತನ."

"ನೀನು ನೋಡ್ಲಿಲ್ಲ, ನೀನು ಕೂಗಾಡ್ತಿದ್ದೆ. ಆ ಚಾಪೆ ಮೇಲೆ ಗಂಡಸು ಕೂತು ಇಪ್ಪತ್ತಾರು ವರ್ಷ ಆಯ್ತು. ಊರೆಲ್ಲ ನೋಡ್ತಿರೋವಾಗ ತಾನಾಗೇ ಬಂದು ಕೂತ, ನಾನು ಇಲ್ಲಿಯವನು ಅಂತ ಬಾಯಿಬಿಟ್ಟು ಹೇಳ್ದ. ನಾನು ಕರೆದಿದ್ನಾ?"

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನು ಮನೆಗೆ ಬರುವ ದಾರಿಯಲ್ಲಿ ಅರ್ಧಕ್ಕೆ ನಿಂತುಕೊಂಡೆ. ಆಗ ಹತ್ತಿತು. ನಮ್ಮಲ್ಲಿ ಚಾಪೆ ಎಂದರೆ ಚಾಪೆಯಲ್ಲ. ಕೂತ ಮೇಲೆ ಆ ಠಾವಿನ ಹಕ್ಕೂ ಅವನದು, ಹೊರೆಯೂ ಅವನದು. ರಾಜಧಾನಿಯಲ್ಲಿ ಕುರ್ಚಿಯಿಂದ ಕುರ್ಚಿಗೆ ಕೂತು ಅಭ್ಯಾಸವಾದವನಿಗೆ ಅರ್ಧ ಮಾತ್ರ ನೆನಪಿತ್ತು.

ಎಂಟು ದಿನ ಬಿಟ್ಟು ಹಬ್ಬದ ಕೆಲಸ ಹಂಚಲು ಚಾವಡಿ ಸೇರಿತು. ಕಮೋರಿಕಿ ಒಂದೊಂದೇ ಠಾವಿನ ಹೆಸರು ಕೂಗಿದ, ಒಬ್ಬೊಬ್ಬರು "ಇದ್ದೇವೆ" ಎಂದರು. ಟೆಕಿನೆನೆ ಈ ಸಲ ಅಪ್ಪನ ಪಕ್ಕದಲ್ಲಿ ಆರಾಮಾಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದ.

"ಕಡಲಹದ್ದಿನ ಠಾವು," ಎಂದ ಕಮೋರಿಕಿ.

ಹಿಂದಿನ ಅಂಚಿನಿಂದ ದನಿ ಬರಲಿಲ್ಲ. ಮುದುಕ ಮತ್ತೊಮ್ಮೆ ಕೂಗಿದ. ಎಲ್ಲರೂ ಹಿಂದೆ ತಿರುಗಿ ನೋಡಿದರು. ಮಿಮಿಟಾಕೆ ಓಲೆ ಹೆಣೆಯುತ್ತಿದ್ದಳು.

"ನಮ್ಮ ಠಾವಿಗೆ ಗಂಡು ಬಂದಿದ್ದಾನೆ," ಎಂದಳು ತಲೆ ಎತ್ತದೆ. "ಅವನನ್ನ ಕೇಳಿ."

ಟೆಕಿನೆನೆಯ ಬಿಸ್ಕತ್ತು ಬಾಯಲ್ಲೇ ನಿಂತಿತು. ಕಮೋರಿಕಿ ಅವನ ಕಡೆ ತಿರುಗಿ ಬೆರಳು ಮಡಚುತ್ತಾ ಹೇಳಿದ, "ಸೂರಿಗೆ ಅರವತ್ತು ಓಲೆ ತಟ್ಟಿ. ದೊಡ್ಡ ಚಾಪೆ ನಾಲ್ಕು. ಹಬ್ಬದ ಬಬಾಯಿ ಒಂದು, ಠಾವಿನ ಗುಂಡಿದೇ ಆಗಬೇಕು. ಕೊಂಡಿದ್ದು ನಡೆಯಲ್ಲ, ಕೇಳಿ ತಂದಿದ್ದೂ ನಡೆಯಲ್ಲ. ಗೊತ್ತಾಯ್ತಾ ಮಗ?"

"ತಾತ, ನಾನು ಅಪ್ಪನ ಠಾವಿನವನಲ್ವಾ?"

"ಹಾಗಾ. ಹಾಗಾದ್ರೆ ಅವತ್ತು ಯಾವ ಹಕ್ಕಿನಿಂದ ಕೇಳ್ದೆ?"

"ಅದು... ಅಮ್ಮನ ಕಡೆಯಿಂದ."

"ಅಮ್ಮನ ಕಡೆಯವನಾದ್ರೆ ಗುಂಡಿನೂ ನಿಂದು, ಕೆಲಸನೂ ನಿಂದು. ಅಲ್ಲ ಅಂದ್ರೆ ನೀನು ಊರ ಮುಂದೆ ಸುಳ್ಳು ಹೇಳಿ ಒಬ್ಬ ಹೆಂಗಸಿನ ಗುಂಡಿ ಕಿತ್ಕೊಂಡೆ ಅಂತಾಯ್ತು. ಎರಡರಲ್ಲಿ ಯಾವುದು, ಹೇಳು. ನಮಗೇನೂ ಅವಸರ ಇಲ್ಲ."

ಅಪ್ಪ ರುಆಟು ನೆಲ ನೋಡುತ್ತಿದ್ದ. ಮಗನಿಗೆ ಬಿಸ್ಕತ್ತಿನ ಡಬ್ಬಿ ಕೊಟ್ಟವನೂ ಅವನೇ, ಮಗ ಆ ಚಾಪೆಗೆ ಹೋಗುವಾಗ ತಡೆಯದವನೂ ಅವನೇ.

"ಹಡಗು ಬರುತ್ತೆ ತಾತ, ಸಿಮೆಂಟು..."

"ಬರಲಿ. ಹಡಗು ಬರೋದೂ ಹೋಗೋದೂ ನಾವು ನೋಡಿದ್ದೀವಿ."

ಚಾವಡಿಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ನಗು ಹೊಟ್ಟೆಯಲ್ಲಿ ಎಂಟು ದಿನದಿಂದ ಕೂತಿತ್ತು. ಟೆಕಿನೆನೆ ಎದ್ದ. ಅಪ್ಪನ ಠಾವಿನಿಂದ ಮೂರನೆಯ ಕಂಬದವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟು ದೂರ ನಡೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಹೋಗಿ ಚಾಪೆಯ ಮೇಲೆ ಕೂತ. "ಇದ್ದೇವೆ" ಎಂದ. ಯಾರಿಗೂ ಕೇಳಲಿಲ್ಲ.

ಸಿಮೆಂಟಿನ ಹಡಗು ಬಂತು, ಚೀಲಗಳನ್ನು ಇಗರ್ಜಿಯ ಹಿಂದೆ ಇಳಿಸಿತು, ಹೋಯಿತು. ಟೆಕಿನೆನೆ ರೇಡಿಯೋದಲ್ಲಿ ಕಚೇರಿಗೆ ಏನು ಹೇಳಿದನೋ ಗೊತ್ತಿಲ್ಲ. ಬೆಳಗಾದರೆ ಅಪ್ಪನ ಹಳೆಯ ಲುಂಗಿ ಸುತ್ತಿಕೊಂಡು ಗುಂಡಿಗೆ ಇಳಿಯುತ್ತಿದ್ದ. ನಾನು ದಿನಾ ಹೋಗಿ ಅಂಚಿನಲ್ಲಿ ಕೂರುತ್ತಿದ್ದೆ. ನೋಡಬಾರದೇನು?

"ಏನು ಸಾಹೇಬ್ರೆ, ಸೊಳ್ಳೆ ಎಷ್ಟಿವೆ, ಎಣಿಸಿದ್ರಾ?" ಎಂದು ಕೇಳುತ್ತಿದ್ದೆ. "ಫೈಲು ತಂದುಕೊಡ್ಲಾ, ಅಲ್ಲೇ ನಿಂತು ಬರೀರಿ."

ಅವನು ಮೊದಮೊದಲು ಗುರಾಯಿಸಿದ. ಆಮೇಲೆ ಉತ್ತರ ಕೊಡುವುದನ್ನು ಬಿಟ್ಟ. ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಮಿಮಿಟಾಕೆ ಒಂದು ಮಾತೂ ಬೈಯಲಿಲ್ಲ. "ಅಲ್ಲಿ ತುಳೀಬೇಡ ಅಳಿಯ, ಬೇರು ಇದೆ," ಎನ್ನುವಳು. "ಬುಟ್ಟಿ ಒಡೆದಿದೆ ನೋಡು, ಹೆಣಿ." ಅಷ್ಟೇ. ಒಂದು ದಿನ ನಾನು ಹೋದಾಗ ಇಬ್ಬರೂ ಅಂಗಳದಲ್ಲಿ ಕೂತು ಎಲೆ ಆಯುತ್ತಿದ್ದರು. ಅವಳು ಒಂದೊಂದೇ ಎಲೆಯನ್ನು ಎತ್ತಿ ಹೆಸರು ಹೇಳುತ್ತಿದ್ದಳು, ಅವನು ತಿರುಗಿ ಹೇಳುತ್ತಿದ್ದ. ನನ್ನನ್ನು ಕಂಡು ಚಾಪೆ ಎಳೆದರು, ಇಬ್ಬರೂ ಒಟ್ಟಿಗೆ.

ನನಗೆ ಆದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ಮೂವತ್ತು ವರ್ಷದಿಂದ ಪಕ್ಕದ ಮನೆಯವನು ನಾನು. ಆ ಗುಟ್ಟಿನ ಒಂದು ಎಲೆ ಯಾವುದೆಂದು ನನಗೆ ಗೊತ್ತಿಲ್ಲ. ನಿನ್ನೆ ಬಂದವನು, ಗುಂಡಿ ಮುಚ್ಚಲು ಬಂದವನು, ಅವನಿಗೆ ಹೇಳಿಕೊಡುತ್ತಾಳೆ.

"ಯಾಕಕ್ಕ, ಅವನಿಗೆ?" ಎಂದು ಆಮೇಲೆ ಕೇಳಿದೆ.

"ಅವನು ಆ ಚಾಪೆ ಮೇಲೆ ಕೂತಿದ್ದಾನೆ. ನಮ್ಮತ್ತೆ ಹಾಗೆ ನಾನು ಸಾಯೋವರೆಗೆ ಕಾಯ್ಬೇಕಾ?" ಎಂದಳು. "ಅವನಿಗೆ ಅರ್ಧ ಹೇಳಿದ್ದೀನಿ ಬಿಡು."

ಹಬ್ಬದ ದಿನ ಬಬಾಯಿ ಕಿತ್ತರು. ಟೆಕಿನೆನೆ ಒಂದು ಕಡೆ, ಮಿಮಿಟಾಕೆಯ ದೊಡ್ಡ ಮಗಳ ಗಂಡ ಒಂದು ಕಡೆ ಗಳುವಿಗೆ ಹೆಗಲು ಕೊಟ್ಟು ಹೊತ್ತು ತಂದರು. ಇಬ್ಬರ ಕಾಲೂ ನಡುಗುತ್ತಿತ್ತು. ಮೊಳ ಹಾಕಿ ನೋಡಿದರೆ ಊರಿಗೆ ಎರಡನೆಯದು. ಹೊಸ ಓಲೆಯ ವಾಸನೆ ಚಾವಡಿ ತುಂಬ ಇತ್ತು. ಕಮೋರಿಕಿ ಕೂಗಿದ, "ಕಡಲಹದ್ದಿನ ಠಾವು."

"ಇದ್ದೇವೆ," ಎಂದ ಟೆಕಿನೆನೆ.

"ಜೋರಾಗಿ ಹೇಳೋ," ಎಂದಿತು ಹಿಂದಿನ ಅಂಚಿನ ದನಿ. "ಕಡಲಲ್ಲಿ ಅಷ್ಟು ದೂರ ಇರೋ ನಿಮ್ಮ ಮಾವನಿಗೆ ಕೇಳ್ಬೇಕು."

ಅವನು ಮತ್ತೊಮ್ಮೆ ಕೂಗಿದ, ಸೂರಿನ ಹಕ್ಕಿಗಳು ಎದ್ದುಹೋಗುವ ಹಾಗೆ. ನನಗೆ ಅಳು ಬಂತು. ಟೆಬೌಬೌ ಹೋದ ದಿನ ದಡದಲ್ಲಿ ನಿಂತಿದ್ದವರಲ್ಲಿ ನಾನೂ ಒಬ್ಬ. ಅವತ್ತಿನಿಂದ ಆ ಕಂಬದ ಕೆಳಗಿಂದ ಗಂಡು ದನಿ ಕೇಳಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಸಂತೋಷದಿಂದ ಎದ್ದು ಹೋಗುತ್ತಿದ್ದೆ. ಮುಂದಿನ ಹಡಗಿಗೆ ಟೆಕಿನೆನೆ ಹೊರಟ. ಸಿಮೆಂಟಿನಿಂದ ಇಗರ್ಜಿಯ ಮೆಟ್ಟಿಲು ಕಟ್ಟಿಕೊಳ್ಳಿ ಎಂದ. ಗುಂಡಿಯನ್ನು ಅತ್ತೆಯ ಕೈಗೇ ಬಿಟ್ಟು, ಪ್ರತಿ ಹಬ್ಬಕ್ಕೆ ಬಂದು ಕೂರುತ್ತೇನೆ ಎಂದ. "ಹಾಳೆ ಸರಿ ಮಾಡಿಸ್ತೀನಿ ಇಟಾಕಣ್ಣ," ಎಂದು ನನ್ನ ಕೈ ಹಿಡಿದು ಹೇಳಿದ. ನಾಲ್ಕು ತಿಂಗಳಿಗೆ ಅಚ್ಚಾದ ಹಾಳೆ ಬಂತು, ದ್ವೀಪದ ಕಚೇರಿಯ ಗೋಡೆಗೆ ಅಂಟಿಸಿದರು. ಅಕ್ಕಿ ತರಲು ಆ ಕಡೆ ಹೋದವನು ನಿಂತು ಓದಿದೆ. ಇಗರ್ಜಿ ಒಂದು, ಚಾವಡಿ ಒಂದು, ಅಂಗಡಿ ಒಂದು. ನೀರು ನಿಂತ ನಿರುಪಯುಕ್ತ ಗುಂಡಿಗಳು ಹದಿನೆಂಟು. ಜನರು ಸರಳರು.

ಅಲ್ಲಿಂದ ಊರಿಗೆ ಒಂದೇ ಉಸಿರಿನಲ್ಲಿ ನಡೆದು ಬಂದೆ. ಮಿಮಿಟಾಕೆ ಗುಂಡಿಯಲ್ಲಿದ್ದಳು, ಬಬಾಯಿ ಕಿತ್ತ ಜಾಗಕ್ಕೆ ಹೊಸ ಬುಟ್ಟಿ ಕೂರಿಸುತ್ತಿದ್ದಳು.

"ನೋಡಕ್ಕ ನಿನ್ನ ಅಳಿಯನ ಪ್ರತಾಪ," ಎಂದೆ ಅಂಚಿನಿಂದ. "ಒಂದು ತಿಂಗಳು ಈ ಕೆಸರಲ್ಲಿ ನಿಂತು ಅವನು ಕಲಿತಿದ್ದು ಒಂದು ಕಮ್ಮಿ ಮಾಡೋದನ್ನ. ಹದಿನೆಂಟು ಅಂತೆ. ನಿಂದು ಬಿಟ್ಟು ಊರಿಂದೆಲ್ಲ ನಿರುಪಯುಕ್ತ ಅಂತೆ. ಅನ್ನ ತಿನ್ನೋ ಬಾಯಲ್ಲಿ ಹೇಳೋ ಮಾತಾ ಇದು?"

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. "ನಿನ್ನ ಗುಂಡಿ ಹೇಗಿದೆ ಇಟಾಕ?"

ನಾನು ಮತ್ತೆ ಹದಿನೆಂಟರ ಮಾತೆತ್ತಿದೆ.

"ಹೋಗ್ಲಿ, ಎಷ್ಟು ವರ್ಷ ಆಯ್ತು ಇಳಿದು?"

ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹಡಗಿನಿಂದ ದುಡಿದು ತಂದ ಮೇಲೆ ನಾನು ಅಂಗಡಿಯ ಅಕ್ಕಿ ತಿನ್ನುತ್ತಿದ್ದೇನೆ. ನನ್ನ ಅಪ್ಪ ದೊಡ್ಡ ಚಿಪ್ಪಿನಿಂದ ತೋಡಿದ ಗುಂಡಿ ನನ್ನ ಮನೆಯ ಹಿಂದೆಯೇ ಇದೆ. ಅದರಲ್ಲಿ ಮಾಂಸದ ಖಾಲಿ ಡಬ್ಬಿಗಳಿವೆ, ಅಕ್ಕಿಯ ಚೀಲಗಳಿವೆ, ಕೆಟ್ಟ ಮೋಟಾರಿನ ಕವಚವಿದೆ. ನಮ್ಮ ಠಾವಿನ ಹಬ್ಬದ ಬಬಾಯಿ ನನ್ನ ತಮ್ಮನ ಗುಂಡಿಯಿಂದ ಬರುತ್ತದೆ, ನಾನು ಗಳುವಿಗೆ ಹೆಗಲು ಕೊಟ್ಟು ಹೊರುತ್ತೇನೆ, "ಇದ್ದೇವೆ" ಎನ್ನುತ್ತೇನೆ, ಜೋರಾಗಿ. ನಾನೊಬ್ಬನೇ ಅಲ್ಲ. ಆ ಸಂಜೆ ಊರು ಸುತ್ತಿ ಒಂದೊಂದೇ ಗುಂಡಿಗೆ ಹೋಗಿ ಬಗ್ಗಿ ನೋಡಿದೆ. ಹದಿನೆಂಟರಲ್ಲಿ ಬಬಾಯಿ ಇದ್ದದ್ದು ಏಳರಲ್ಲಿ. ಆ ಏಳನ್ನು ನಿರುಪಯುಕ್ತ ಎಂದು ಬರೆದವನ ಮೇಲೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ. ಉಳಿದ ಹನ್ನೊಂದರ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಮರುದಿನ ಬೆಳಿಗ್ಗೆ ನನ್ನ ಗುಂಡಿಗೆ ಇಳಿದೆ. ಡಬ್ಬಿಗಳ ಕೆಳಗೆ ಕೈ ಹಾಕಿ ಎಳೆದರೆ ಒಂದು ಸೈಕಲ್ ಬಂತು. ಚಕ್ರವಿಲ್ಲ, ಸೀಟಿಲ್ಲ, ಬರೀ ತುಕ್ಕು ಹಿಡಿದ ಚೌಕಟ್ಟು. ಎರಡು ವರ್ಷ ತುಳಿದು, ಚೈನು ಹರಿದ ದಿನ ಇಲ್ಲಿಗೆ ಎಸೆದಿದ್ದೆ. ಬುಬುತಿ ಹೇಳಿ ಅವಳಿಂದ ಕೇಳಿ ತಂದ ಸೈಕಲ್. ಅದು ಹೋದ ಮೇಲೆ ಅವಳು ಆಸ್ಪತ್ರೆಗೆ ಏಳು ಮೈಲಿ ನಡೆದೇ ಹೋಗುತ್ತಿದ್ದಳು. ನಾನು ನೋಡಿದ್ದೇನೆ, ಎದುರಿಗೆ ಸಿಕ್ಕಾಗ ಮಾತಾಡಿಸಿಯೂ ಇದ್ದೇನೆ. ಅಲ್ಲೇ ಕಸದ ಮೇಲೆ ಕೂತುಬಿಟ್ಟೆ.

ಮಧ್ಯಾಹ್ನ ಕೈಕಾಲು ತೊಳೆದುಕೊಂಡು, ಒಗೆದ ಲುಂಗಿ ಉಟ್ಟು ಅವಳ ಮನೆಗೆ ಹೋದೆ. ಪದ್ಧತಿಯಂತೆ ಎದುರು ಚಕ್ಕಳಮಕ್ಕಳ ಹಾಕಿ ಕೂತೆ.

"ಅಕ್ಕ, ನನಗೊಂದು ಬಬಾಯಿ ಸಸಿ ಬೇಕು. ಬುಬುತಿ."

ದೋಣಿ ಕೊಟ್ಟವಳು, ಹೊಲಿಗೆ ಯಂತ್ರ ಕೊಟ್ಟವಳು, ಸೈಕಲ್ ಕೊಟ್ಟವಳು, ಗುಂಡಿಯನ್ನೇ ಕೊಟ್ಟವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಲ್ಲ," ಎಂದಳು.

ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನಷ್ಟೇ ಅಲ್ಲ, ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮುಖ ಎತ್ತಲಾರದೆ ಹೋದದ್ದು ಅವಳಲ್ಲ, ನಾನು.

"ಕಸದಲ್ಲಿ ನೆಡೋಕೆ ಕೊಡಲ್ಲ," ಎಂದಳು. "ನೀರು ಕಾಣೋವರೆಗೆ ಖಾಲಿ ಮಾಡು. ಕಂಡ ಮೇಲೆ ಬಾ. ಬುಬುತಿ ಗಿಬುತಿ ಏನೂ ಬೇಡ, ಸುಮ್ನೆ ಬಂದು ತಗೊಂಡು ಹೋಗು."

ಇವತ್ತಿಗೆ ಹದಿನಾಲ್ಕು ಚೀಲ ಕಸ ಹೊರಗೆ ಹಾಕಿದ್ದೇನೆ. ನೀರು ಇನ್ನೂ ಕಂಡಿಲ್ಲ.